ಹೊಸ ಆವೃತ್ತಿ ಬಂದಾಗ ದಣಿಯುವವರು ಯಾರು?

ಓದುಗರ ಪ್ರಶ್ನೆ: ಬೆಂಗಳೂರಿನಲ್ಲಿ ನಾವು ಆರು ಮಂದಿ ಸ್ನೇಹಿತರು 2016ರಿಂದ ಎರಡು ವಾರಕ್ಕೊಮ್ಮೆ ಭಾನುವಾರ ಸಂಜೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಪಾತ್ರ ವಹಿಸಿ ಆಡುವ ಕಥೆಯಾಟವನ್ನು ಆಡುತ್ತಿದ್ದೇವೆ. ಮೊದಲಿನಿಂದಲೂ ಆಟ ನಡೆಸುವ ಡಂಜನ್ ಮಾಸ್ಟರ್ ನಾನೇ. ಇಬ್ಬರು ಈಗ ವಿದೇಶದಲ್ಲಿರುವುದರಿಂದ ಎಲ್ಲರ ಕ್ಯಾರೆಕ್ಟರ್ ಶೀಟ್‌ಗಳೂ (ಪಾತ್ರದ ವಿವರಗಳ ಹಾಳೆಗಳು) ಆನ್‌ಲೈನ್‌ನಲ್ಲಿವೆ. 2024ರ ಹೊಸ ನಿಯಮಪುಸ್ತಕಗಳು ಬಂದಾಗಿನಿಂದ ನಮ್ಮಲ್ಲಿ ಒಮ್ಮತವಿಲ್ಲ. ಇಬ್ಬರು ಇಂದೇ ಬದಲಾಗೋಣ ಎನ್ನುತ್ತಾರೆ. ಒಬ್ಬ ಗೆಳತಿ ತನ್ನ ಪಾತ್ರದ ಕುಲವಾದ ಹಾಫ್-ಎಲ್ಫ್ (ಅರ್ಧ ಮನುಷ್ಯ, ಅರ್ಧ ಎಲ್ಫ್) ಹೊಸ ಪುಸ್ತಕದಲ್ಲಿ ಇಲ್ಲವೇ ಇಲ್ಲವೆಂದು ಮುನಿಸಿಕೊಂಡಿದ್ದಾಳೆ. ಉಳಿದಿಬ್ಬರಿಗೆ ಏನಾದರೂ ಸರಿ. ಆಟಗಾರರ ನಿಯಮಗಳಿರುವ ಹೊಸ ಪ್ಲೇಯರ್ಸ್ ಹ್ಯಾಂಡ್‌ಬುಕ್ ಕೈಗೆ ಬಂದ ರಾತ್ರಿ ಎರಡು ಗಂಟೆಯವರೆಗೆ ಓದಿದವನು ನಾನು. ಆದರೆ ಎರಡು ತಿಂಗಳು ಕಳೆಯುವಷ್ಟರಲ್ಲಿ ಅದನ್ನು ತೆರೆಯಲೂ ಮನಸ್ಸಾಗಲಿಲ್ಲ. ಇದೆಲ್ಲ ಕಂಪನಿಯ ದುಡ್ಡಿನ ಲೆಕ್ಕಾಚಾರವೇ? ನಡೆಯುತ್ತಿರುವ ಕ್ಯಾಂಪೇನ್ ಅನ್ನು, ಅಂದರೆ ವಾರದಿಂದ ವಾರಕ್ಕೆ ಮುಂದುವರಿಯುವ ಕಥೆಯನ್ನು, ಹೊಸ ನಿಯಮಗಳಿಗೆ ಬದಲಿಸಬೇಕೇ? ಹಳೆಯ ಪುಸ್ತಕಗಳನ್ನು ಮಾರಿಬಿಡಲೇ? ಅಥವಾ ನನಗೆ ಆಟವೇ ಸಾಕಾಗಿದೆಯೇ?

ಉತ್ತರ: ಹೊಸ ಆವೃತ್ತಿಯ ಉತ್ಸಾಹ ಕೆಲವರಿಗೆ, ಅದರ ಆಯಾಸ ಬೇರೆ ಕೆಲವರಿಗೆ ಎಂದು ಸಾಮಾನ್ಯವಾಗಿ ಭಾವಿಸುತ್ತಾರೆ. ನಿಮ್ಮ ಪತ್ರದಲ್ಲಿ ಎರಡೂ ಒಬ್ಬರಲ್ಲೇ, ಎರಡು ತಿಂಗಳ ಅಂತರದಲ್ಲಿ ಕಾಣಿಸಿಕೊಂಡಿವೆ. ನಿಯಮಪುಸ್ತಕಗಳನ್ನು ತಿದ್ದುವುದು ಮತ್ತು ಸಂಭಾವನೆ ಪಡೆದು ಆಟ ನಡೆಸಿಕೊಡುವುದು ನನ್ನ ವೃತ್ತಿ. ಈ ವೃತ್ತಿಯಲ್ಲಿ ನಾನು ಕಂಡಿರುವುದೂ ಹೆಚ್ಚುಕಡಿಮೆ ಇದನ್ನೇ. ಆದ್ದರಿಂದ ಯಾವ ಆವೃತ್ತಿ ಒಳ್ಳೆಯದು ಎಂಬ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಟ್ಟು, ಹೊಸ ಆವೃತ್ತಿಯ ಕೆಲಸ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದನ್ನು ಮೊದಲು ನೋಡೋಣ.

ಈ ಆಟವನ್ನು ಅರಿಯದವರಿಗಾಗಿ ಎರಡು ಮಾತು. ಮೇಜಿನ ಸುತ್ತ ಕುಳಿತ ಆಟಗಾರರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ; ಡಂಜನ್ ಮಾಸ್ಟರ್, ಅಂದರೆ ಡಿಎಂ, ಉಳಿದ ಇಡೀ ಜಗತ್ತನ್ನು ನಡೆಸುತ್ತಾರೆ; ಫಲಿತಾಂಶ ಸಂದೇಹಾಸ್ಪದವಾದಲ್ಲಿ ದಾಳ ಉರುಳುತ್ತದೆ. ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಊರಿನಿಂದ ಇದರ ಮೊದಲ ಪೆಟ್ಟಿಗೆಯನ್ನು ಹೊರತಂದರು.

ಅಲ್ಲಿಂದ ಮುಂದಿನ ವರ್ಷಗಳನ್ನು ಸ್ವಲ್ಪ ಗಮನಿಸಿ. 1977ರಿಂದ 1979ರ ನಡುವೆ ಅಡ್ವಾನ್ಸ್ಡ್ ಆವೃತ್ತಿಯ ಪುಸ್ತಕಗಳು ಬಂದವು, 1989ರಲ್ಲಿ ಅದರ ಎರಡನೆಯ ಆವೃತ್ತಿ, 2000ದಲ್ಲಿ ಮೂರನೆಯದು, ಕೇವಲ ಮೂರು ವರ್ಷಗಳ ಬಳಿಕ 2003ರಲ್ಲಿ ಮೂರೂವರೆ, 2008ರಲ್ಲಿ ನಾಲ್ಕನೆಯದು, 2014ರಲ್ಲಿ ಐದನೆಯದು. 2012ರ ಜನವರಿಯಲ್ಲಿ ಮುಂದಿನ ಆವೃತ್ತಿಯ ಘೋಷಣೆಯಾದಾಗ ನಾಲ್ಕನೆಯದಕ್ಕೆ ನಾಲ್ಕು ವರ್ಷವೂ ತುಂಬಿರಲಿಲ್ಲ. ನೀವು ಆಡಲಾರಂಭಿಸಿದ ಐದನೆಯ ಆವೃತ್ತಿಯಾದರೋ ಹತ್ತು ವರ್ಷ ಮಿಸುಕದೆ ನಿಂತಿತು. ಹೀಗಾಗಿ ನಿಮ್ಮ ಬಳಗದವರು ಆವೃತ್ತಿ ಬದಲಾಗುವುದನ್ನು ಈ ಮೊದಲು ಕಂಡೇ ಇಲ್ಲ. ಇಪ್ಪತ್ತೈದು ವರ್ಷದಿಂದ ಆಡುವವರಿಗೆ ಇದು ನಾಲ್ಕನೆಯ ಸಲವೋ ಐದನೆಯ ಸಲವೋ ಮನೆ ಬದಲಿಸಿದಂತೆ. ನಿಮಗೆ ಹುಟ್ಟಿದ ಮನೆಯನ್ನೇ ಖಾಲಿ ಮಾಡಿದಂತೆ.

ದುಡ್ಡಿನ ಲೆಕ್ಕಾಚಾರವೇ ಎಂದು ಕೇಳಿದ್ದೀರಿ. ಹೌದು, ದುಡ್ಡಿನ ಲೆಕ್ಕಾಚಾರವೂ ಇದೆ. ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಈ ವ್ಯಾಪಾರದಲ್ಲಿ ಹೆಚ್ಚು ಮಾರಾಟವಾಗುವುದು ಮೂಲ ನಿಯಮಪುಸ್ತಕಗಳೇ. ಅವುಗಳ ನಂತರ ಬರುವ ಪೂರಕ ಪುಸ್ತಕಗಳನ್ನು ಕೊಳ್ಳುವವರು ಕಡಿಮೆ, ಸಾಹಸಕಥೆಗಳ ಪುಸ್ತಕಗಳನ್ನಂತೂ ಆರು ಜನರ ಬಳಗದಲ್ಲಿ ಡಿಎಂ ಒಬ್ಬರೇ ಕೊಳ್ಳುತ್ತಾರೆ. ಕಪಾಟು ತುಂಬಿದ ಗ್ರಾಹಕನಿಗೆ ಮತ್ತೆ ಮೂಲ ಪುಸ್ತಕವನ್ನು ಮಾರಬೇಕಾದರೆ ಹೊಸ ಆವೃತ್ತಿಯನ್ನು ತರುವುದೊಂದೇ ದಾರಿ ಎಂದು ಪ್ರಕಾಶಕರು ಬಲ್ಲರು. ಆದರೆ ಬದಲಾವಣೆ ಬರೀ ದುಡ್ಡಿಗಾಗಿ ಎನ್ನುವುದೂ ಪೂರ್ಣ ಸತ್ಯವಲ್ಲ. ಹಳೆಯ ಆವೃತ್ತಿಗಳಲ್ಲಿ ರಕ್ಷಾಕವಚ ಗಟ್ಟಿಯಾದಷ್ಟೂ ಅದರ ಅಂಕಿ ಇಳಿಯುತ್ತಿತ್ತು, ಪೆಟ್ಟು ತಗಲಿತೋ ಇಲ್ಲವೋ ತಿಳಿಯಲು ಪ್ರತಿ ಸಲವೂ ಕಳೆಯುವ ಲೆಕ್ಕ ಮಾಡಬೇಕಿತ್ತು. 2000ದಲ್ಲಿ ಅದನ್ನು ತಿರುಗಿಸಿ, ಅಂಕಿ ಹೆಚ್ಚಾದಷ್ಟೂ ರಕ್ಷಣೆ ಹೆಚ್ಚು ಎಂದು ಮಾಡಿದರು. ಹಳೆಯ ಪದ್ಧತಿಯ ಮೇಲೆ ಎಷ್ಟೇ ಮಮತೆಯಿದ್ದರೂ ಅದನ್ನು ಸುಧಾರಣೆಯಲ್ಲವೆಂದು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ.

2024ರ ಪುಸ್ತಕದಲ್ಲೂ ಅಂತಹವು ಇವೆ. ಹಳೆಯ ನಿಯಮದಲ್ಲಿ ದಣಿವಿನ ಆರು ಹಂತಗಳಿಗೆ ಆರು ಬೇರೆ ಬೇರೆ ಪರಿಣಾಮಗಳಿದ್ದು, ಪ್ರತಿ ಸಲವೂ ಪಟ್ಟಿಯನ್ನು ತೆರೆದು ನೋಡಬೇಕಿತ್ತು. ಈಗ ಪ್ರತಿ ಹಂತಕ್ಕೂ ಇಪ್ಪತ್ತು ಮುಖದ ದಾಳದ ಪರೀಕ್ಷೆಗಳಲ್ಲಿ ಎರಡು, ಚಲನೆಯಲ್ಲಿ ಐದು ಅಡಿ ಕಡಿತ, ಅಷ್ಟೇ. ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಮಂತ್ರಕ್ಕೆ ಎಂಟು ಮುಖದ ಒಂದು ದಾಳದ ಬದಲು ಎರಡು ಬಂದಿವೆ. ಕತ್ತಿ ಹಿಡಿದ ಯೋಧನಿಗೆ ಆಯುಧ ಪ್ರಾವೀಣ್ಯದ ಹೊಸ ನಿಯಮದಿಂದ ಎದುರಾಳಿಯನ್ನು ತಳ್ಳುವ, ಬೀಳಿಸುವ ಆಯ್ಕೆಗಳು ದೊರೆತಿವೆ. ಕಾಂಜ್ಯೂರ್ ಆ್ಯನಿಮಲ್ಸ್ ಮಂತ್ರದ ಬದಲಾವಣೆಗೆ ಡಿಎಂಗಳೆಲ್ಲ ಕೈಮುಗಿಯಬೇಕು: ಹಿಂದೆ ಒಬ್ಬ ಡ್ರುಯಿಡ್ (ಪ್ರಕೃತಿಯ ಶಕ್ತಿ ಬಳಸುವ ಮಂತ್ರವಾದಿ) ಎಂಟು ತೋಳಗಳನ್ನು ಕರೆದನೆಂದರೆ, ಎಂಟಕ್ಕೂ ಸರದಿ ಬಂದು ಹೋಗುವ ಹೊತ್ತಿಗೆ ಚಹಾ ಕಾಯಿಸಿ ಕುಡಿದು ಬರಬಹುದಿತ್ತು. ಈಗ ಅದು ಪ್ರೇತರೂಪದ ಒಂದೇ ಹಿಂಡು.

ಹಾಗಿದ್ದ ಮೇಲೆ ಆ ಉತ್ಸಾಹ ಎರಡು ತಿಂಗಳೂ ಉಳಿಯದೇ ಹೋದದ್ದೇಕೆ? ಆಟಗಾರರು ಈ ಆಟವನ್ನು ಮೇಜಿನ ಬಳಿ ಮಾತ್ರ ಆಡುವುದಿಲ್ಲ ಎಂಬುದರಲ್ಲಿ ಉತ್ತರದ ಅರ್ಧ ಭಾಗವಿದೆ. ಪಾತ್ರವನ್ನು ಕಟ್ಟುವುದೇ ಒಂದು ಆಟ. ಅದನ್ನು ಬಸ್ಸಿನಲ್ಲಿ, ಊಟದ ಬಿಡುವಿನಲ್ಲಿ, ನಿದ್ದೆ ಬಾರದ ರಾತ್ರಿಯಲ್ಲಿ ಒಬ್ಬರೇ ಆಡಬಹುದು. ಹೊಸ ಹ್ಯಾಂಡ್‌ಬುಕ್‌ನಲ್ಲಿ ಯೋಧ, ಡ್ರುಯಿಡ್ ಮುಂತಾದ ಹನ್ನೆರಡು ವರ್ಗಗಳು, ಒಂದೊಂದಕ್ಕೆ ನಾಲ್ಕರಂತೆ ನಲವತ್ತೆಂಟು ಉಪವರ್ಗಗಳು ಇವೆ. ಈ ಒಂಟಿ ಆಟಕ್ಕೆ ಅಲ್ಲಿ ತಿಂಗಳುಗಟ್ಟಲೆ ಆಹಾರವಿದೆ. ಆ ಮೊದಲ ರಾತ್ರಿ ನೀವು ಓದಿದ್ದು ಆಟಗಾರರಾಗಿ. ನಂತರ ಪುಸ್ತಕವನ್ನು ಮುಚ್ಚಿಟ್ಟದ್ದು ಡಿಎಂ ಆಗಿ.

ಪಠ್ಯಪುಸ್ತಕ ಬದಲಾದ ವರ್ಷದಲ್ಲಿ ಮೇಷ್ಟ್ರ ಸ್ಥಿತಿಯನ್ನು ನೆನಪಿಸಿಕೊಳ್ಳಿ. ಮಕ್ಕಳಿಗೆ ಪುಸ್ತಕ ಹೇಗಿದ್ದರೂ ಹೊಸದೇ. ಮೇಷ್ಟ್ರಿಗಾದರೆ ಹತ್ತು ವರ್ಷ ಬಾಯಲ್ಲಿ ಪಳಗಿದ ಪಾಠ, ಅಂಚು ಸವೆದ ಟಿಪ್ಪಣಿಗಳು, ಎಲ್ಲಿ ಮಕ್ಕಳು ಎಡವುತ್ತಾರೆಂಬ ಅರಿವು ಒಟ್ಟಿಗೆ ಹಳತಾಗುತ್ತವೆ. ನಿಮ್ಮ ಆಟಗಾರರೊಬ್ಬರು ತಮ್ಮ ವರ್ಗದ ಏಳೆಂಟು ಪುಟಗಳನ್ನು ಕಲಿತರೆ ಸಾಕು. ನೀವು ಐದೂ ಪಾತ್ರಗಳ ಪುಟಗಳನ್ನು, ಯುದ್ಧದ ನಿಯಮಗಳನ್ನು, ಅದರ ಮೇಲೆ 2025ರ ಫೆಬ್ರವರಿಯಲ್ಲಿ ಬಂದ ಮಾನ್ಸ್ಟರ್ ಮ್ಯಾನ್ಯುಯಲ್‌ನ ರಾಕ್ಷಸರನ್ನು ಕಲಿಯಬೇಕು.

ಇನ್ನೊಂದು ಕಾರಣ ಕೇಳಲು ವಿಚಿತ್ರವೆನಿಸಬಹುದು: ಹೊಸ ನಿಯಮಗಳು ಹಳೆಯವಕ್ಕೆ ತೀರ ಹತ್ತಿರವಾಗಿರುವುದೇ ಆಯಾಸವನ್ನು ಹೆಚ್ಚಿಸಿದೆ. ಇಂಡಿಕೇಟರ್ ಬಲಗಡೆಯಿರುವ ಕಾರನ್ನು ವರ್ಷಗಟ್ಟಲೆ ಓಡಿಸಿದವರು ಅದು ಎಡಗಡೆಯಿರುವ ಕಾರನ್ನು ಹತ್ತಿದರೆ, ಪ್ರತಿ ತಿರುವಿನಲ್ಲೂ ಮಳೆಯಿಲ್ಲದೆ ವೈಪರ್ ಆಡತೊಡಗುತ್ತದೆ. ಸ್ಕೂಟರ್ ಹತ್ತಿದರೆ ಈ ತಪ್ಪು ಆಗುವುದಿಲ್ಲ, ಏಕೆಂದರೆ ಅಲ್ಲಿ ಕೈ ಹಳೆಯ ಅಭ್ಯಾಸವನ್ನು ಹುಡುಕುವುದೇ ಇಲ್ಲ. ಹೊಂಚುದಾಳಿಗೆ ಸಿಕ್ಕವರು ಹಿಂದೆ ತಮ್ಮ ಮೊದಲ ಸರದಿಯನ್ನೇ ಕಳೆದುಕೊಳ್ಳುತ್ತಿದ್ದರು, ಈಗ ಸರದಿ ನಿರ್ಧರಿಸುವ ದಾಳದಲ್ಲಿ ಮಾತ್ರ ಹಿನ್ನಡೆ ಅನುಭವಿಸುತ್ತಾರೆ. ಎದುರಾಳಿಯನ್ನು ಹಿಡಿದು ಕಟ್ಟಿಹಾಕಲು ಹಿಂದೆ ಇಬ್ಬರೂ ದಾಳ ಉರುಳಿಸುತ್ತಿದ್ದರು, ಈಗ ಹಿಡಿಸಿಕೊಂಡವರು ಮಾತ್ರ ಉರುಳಿಸುತ್ತಾರೆ. ಧರ್ಮಯೋಧ ಪ್ಯಾಲಡಿನ್‌ನ ದೈವಿಕ ಹೊಡೆತವಾದ ಡಿವೈನ್ ಸ್ಮೈಟ್ ಈಗ ಮಂತ್ರವಾಗಿದ್ದು ಸರದಿಗೆ ಒಂದೇ ಬಾರಿಗೆ ಸೀಮಿತಗೊಂಡಿದೆ. ಇವುಗಳಲ್ಲಿ ಯಾವುದೂ ಕಷ್ಟದ್ದಲ್ಲ. ಆದರೆ ‘ಇದು ನನಗೆ ಗೊತ್ತು’ ಎಂಬ ಪ್ರತಿಯೊಂದು ಕ್ಷಣದಲ್ಲೂ ಗೊತ್ತಿದೆಯೇ ಎಂದು ಮತ್ತೆ ಪರಿಶೀಲಿಸಬೇಕಾದ ಸ್ಥಿತಿ ಮೂರು ಗಂಟೆಗಳ ಆಟದಲ್ಲಿ ಯಾರನ್ನಾದರೂ ಹಿಂಡಿಹಾಕುತ್ತದೆ.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. 2008ರ ಜೂನ್‌ನಲ್ಲಿ ನಾಲ್ಕನೆಯ ಆವೃತ್ತಿ ಬಂದಾಗ ನಾನು ಮಿನಿಯಾಪೊಲಿಸ್‌ನಲ್ಲಿದ್ದೆ. ಐವರ ಬಳಗಕ್ಕೆ ಎರಡು ವರ್ಷಗಳಿಂದ ಒಂದು ಕ್ಯಾಂಪೇನ್ ನಡೆಸುತ್ತಿದ್ದೆ. ಮೂರೂ ಪುಸ್ತಕಗಳನ್ನು ಮೊದಲ ವಾರದಲ್ಲೇ ಕೊಂಡು, ಯಾರನ್ನೂ ಸರಿಯಾಗಿ ಕೇಳದೆ, ಕಥೆಯ ನಟ್ಟನಡುವೆ ಎಲ್ಲರನ್ನೂ ಹೊಸ ನಿಯಮಗಳಿಗೆ ಸಾಗಿಸಿದೆ. ನಮ್ಮಲ್ಲೊಬ್ಬ ಗೆಳೆಯನ ಪಾತ್ರ ಡ್ರುಯಿಡ್. ಆ ವರ್ಷದ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ ಡ್ರುಯಿಡ್ ವರ್ಗವೇ ಇರಲಿಲ್ಲ. ಬಾರ್ಡ್, ಬಾರ್ಬೇರಿಯನ್, ಮಾಂಕ್, ಸಾರ್ಸರರ್ ಕೂಡ ಇರಲಿಲ್ಲ. ಡ್ರುಯಿಡ್ ಬಂದದ್ದು ಒಂಬತ್ತು ತಿಂಗಳ ನಂತರ, 2009ರ ಮಾರ್ಚ್‌ನ ಎರಡನೆಯ ಹ್ಯಾಂಡ್‌ಬುಕ್‌ನಲ್ಲಿ. ‘ಅಲ್ಲಿಯವರೆಗೆ ರೇಂಜರ್ ಆಗಿರು’ ಎಂದು ನಾನು ಹೇಳಿದೆ, ಅವನು ಒಪ್ಪಿದ, ಜಗಳವೇನೂ ಆಗಲಿಲ್ಲ. ನಾಲ್ಕೈದು ವಾರಗಳಲ್ಲಿ ಅವನಿಗೆ ಕೆಲಸದ ಒತ್ತಡ ಹೆಚ್ಚಾಯಿತು, ಮತ್ತೆ ಅವನು ಬರಲಿಲ್ಲ. ನಾಲ್ಕನೆಯ ಆವೃತ್ತಿ ಕೆಟ್ಟದ್ದೆಂದು ನಾನು ಇಂದಿಗೂ ಹೇಳಲಾರೆ. ಯುದ್ಧಗಳ ಹೆಣಿಗೆಯಲ್ಲಿ ಅದಕ್ಕೆ ಸಮನಾದದ್ದು ಕಡಿಮೆ. ಕೆಟ್ಟದ್ದಾಗಿದ್ದು ನನ್ನ ಅವಸರ. ಹಾಫ್-ಎಲ್ಫ್ ಗೆಳತಿಯ ಬಗ್ಗೆ ನೀವು ಬರೆದ ಸಾಲನ್ನು ಓದಿದಾಗ ಅವನೇ ಕಣ್ಣ ಮುಂದೆ ಬಂದ.

ಅದೃಷ್ಟಕ್ಕೆ ನಿಮ್ಮ ಗೆಳತಿಯ ಸಮಸ್ಯೆಗೆ ಪುಸ್ತಕದಲ್ಲೇ ಪರಿಹಾರವಿದೆ. 2024ರ ಹ್ಯಾಂಡ್‌ಬುಕ್‌ನಲ್ಲಿ ಹಾಫ್-ಎಲ್ಫ್ ಮತ್ತು ಹಾಫ್-ಆರ್ಕ್ ಪ್ರತ್ಯೇಕ ಕುಲಗಳಾಗಿ ಇಲ್ಲವೆಂಬುದು ನಿಜ, ಆದರೆ ಹಳೆಯ ಪುಸ್ತಕದ ಕುಲವನ್ನು ಹೊಸ ನಿಯಮಗಳೊಂದಿಗೆ ಬಳಸಲು ಅದೇ ಪುಸ್ತಕ ಅವಕಾಶ ಕೊಟ್ಟಿದೆ. ಹೊಸ ಪದ್ಧತಿಯಲ್ಲಿ ಸಾಮರ್ಥ್ಯದ ಅಂಕಗಳ ಏರಿಕೆ ಕುಲದಿಂದ ಬರದೆ ಪಾತ್ರದ ಹಿನ್ನೆಲೆಯಿಂದ ಬರುವುದರಿಂದ, ಹಳೆಯ ಹಾಫ್-ಎಲ್ಫ್‌ಗಿದ್ದ ಆ ಏರಿಕೆಯನ್ನು ಮಾತ್ರ ಬಿಡಬೇಕು. ಉಳಿದ ಗುಣಗಳೆಲ್ಲ ಹಾಗೆಯೇ ಇರುತ್ತವೆ. ಇದನ್ನು ಅವರಿಗೆ ಫೋನಿನಲ್ಲಿ ಸಂದೇಶ ಕಳಿಸಿ ತಿಳಿಸಬೇಡಿ, ಎದುರಿಗೆ ಕುಳಿತು ಶೀಟನ್ನು ಒಟ್ಟಿಗೆ ಬರೆದು ತೋರಿಸಿ.

ಹಳೆಯ ಪುಸ್ತಕಗಳು ವ್ಯರ್ಥವಾದವು ಎಂಬುದು ತಪ್ಪು ನಂಬಿಕೆ. ಮಾತ್ರೆಯ ಪಟ್ಟಿಯ ಮೇಲಿರುವಂತೆ ನಿಯಮಪುಸ್ತಕಕ್ಕೆ ಅವಧಿ ಮುಗಿಯುವ ದಿನಾಂಕವಿಲ್ಲ. 1970ರ ದಶಕದ ನಿಯಮಗಳನ್ನು ಇಂದಿಗೂ ಆಡುವವರಿದ್ದಾರೆ; ಅವರಿಗಾಗಿಯೇ 2006ರಲ್ಲಿ ಓಸ್ರಿಕ್ ಎಂಬ ಹೆಸರಿನಲ್ಲಿ ಆ ನಿಯಮಗಳ ಮರುರೂಪ ಬಂತು. ನಾಲ್ಕನೆಯ ಆವೃತ್ತಿಯನ್ನು ಒಪ್ಪದವರಿಗೆ ಪೈಜೊ ಸಂಸ್ಥೆ 2009ರಲ್ಲಿ ಮೂರೂವರೆಯ ನಿಯಮಗಳನ್ನೇ ತಿದ್ದಿ ಪಾತ್‌ಫೈಂಡರ್ ಎಂದು ಹೊರತಂದಿತು. ಐದನೆಯ ಆವೃತ್ತಿಯ ವಿಷಯದಲ್ಲಿ ನಿಮ್ಮ ಸ್ಥಿತಿ ಇನ್ನೂ ಭದ್ರ. 2023ರ ಜನವರಿಯಲ್ಲಿ ಈ ಆಟದ ಪ್ರಕಾಶಕರಾದ ವಿಝರ್ಡ್ಸ್ ಆಫ್ ದ ಕೋಸ್ಟ್ ಸಂಸ್ಥೆ, ಇತರರೂ ಆಟದ ನಿಯಮಗಳನ್ನು ಬಳಸಲು ಬಿಡುವ ತನ್ನ ಮುಕ್ತ ಪರವಾನಗಿಯನ್ನು ಬಿಗಿಗೊಳಿಸಲು ಹೊರಟಿದೆಯೆಂಬ ಕರಡು ಬಯಲಾಗಿ ದೊಡ್ಡ ವಿರೋಧವೆದ್ದಿತು. ಅದರ ಫಲವಾಗಿ ಅದೇ ತಿಂಗಳ 27ರಂದು 2014ರ ನಿಯಮಗಳ ಮುಖ್ಯಾಂಶವನ್ನೆಲ್ಲ ಯಾರು ಬೇಕಾದರೂ ಬಳಸಬಹುದಾದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿ ಬಿಡುಗಡೆ ಮಾಡಲಾಯಿತು. ಅದನ್ನು ಇನ್ನು ಹಿಂತೆಗೆದುಕೊಳ್ಳಲಾಗದು.

ಆದರೆ ಆ ತಿಂಗಳು ಆಟಗಾರರ ಮನಸ್ಸಿನಲ್ಲಿ ಉಳಿಸಿದ ಅಪನಂಬಿಕೆಯೂ ಇಂದಿನ ಆಯಾಸದ ಒಂದು ಪಾಲು. ಅದಕ್ಕೆ 2024ರ ಆಗಸ್ಟ್ ಇನ್ನಷ್ಟು ಸೇರಿಸಿತು: ಆಟದ ಅಧಿಕೃತ ಜಾಲತಾಣವಾದ ಡಿ ಅಂಡ್ ಡಿ ಬಿಯಾಂಡ್‌ನ ಕ್ಯಾರೆಕ್ಟರ್ ಶೀಟ್‌ಗಳಲ್ಲಿ ಹಳೆಯ ಮಂತ್ರಗಳ ಜಾಗದಲ್ಲಿ ಹೊಸವೇ ಬರುತ್ತವೆ ಎಂದು ಮೊದಲು ಪ್ರಕಟಿಸಿ, ಆಕ್ಷೇಪಗಳು ಬಂದ ಕೆಲವೇ ದಿನಗಳಲ್ಲಿ ಆ ನಿರ್ಧಾರವನ್ನು ಕೈಬಿಡಲಾಯಿತು. ನಿರ್ಧಾರ ಬದಲಾಯಿತೆಂಬುದು ಸಮಾಧಾನ. ಆದರೂ ಶೀಟ್‌ಗಳನ್ನೆಲ್ಲ ಆನ್‌ಲೈನ್‌ನಲ್ಲಿ ಇಟ್ಟಿರುವ ನಿಮ್ಮಂತಹವರು ತಿಂಗಳಿಗೊಮ್ಮೆ ಅವನ್ನು ಪಿಡಿಎಫ್ ಮಾಡಿ ಬೇರೆ ಕಡೆ ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ನಿಮ್ಮ ಮುಂದಿರುವ ದಾರಿಗಳು. ಇದ್ದಲ್ಲೇ ಇದ್ದು 2014ರ ನಿಯಮಗಳನ್ನು ಮುಂದುವರಿಸುವುದು ಎಲ್ಲಕ್ಕಿಂತ ಅಗ್ಗ. ಅದರ ಅಪಾಯ ನಿಧಾನವಾಗಿ ಕಾಣಿಸುವಂಥದ್ದು: ಹೊಸದಾಗಿ ಸೇರುವವರಿಗೆ ಅಂಗಡಿಯಲ್ಲಿ ಸಿಗುವುದು ಹೊಸ ಪುಸ್ತಕ, ಮುಂದಿನ ಸಾಹಸಕಥೆಗಳು ಬರುವುದೂ ಅದಕ್ಕೆ ಹೊಂದಿಕೊಂಡು, ಜೊತೆಗೆ ನಿಮ್ಮ ಇಬ್ಬರು ಉತ್ಸಾಹಿಗಳು ತಮ್ಮ ಆಸೆಯನ್ನು ನುಂಗಿಕೊಂಡು ಕೂರಬೇಕಾಗುತ್ತದೆ. ತಕ್ಷಣ ಎಲ್ಲರೂ ಬದಲಾಗುವುದರ ಅಪಾಯವನ್ನು ನನ್ನ ಡ್ರುಯಿಡ್ ಗೆಳೆಯನ ಕಥೆಯಲ್ಲಿ ಹೇಳಿಯಾಗಿದೆ.

ಬೇಕಾದವರು ಹೊಸದು, ಬೇಡದವರು ಹಳೆಯದು ಎಂದು ಒಂದೇ ಮೇಜಿನಲ್ಲಿ ಬೆರೆಸುವುದು ಎಲ್ಲರನ್ನೂ ಮೆಚ್ಚಿಸುವ ಮಾರ್ಗವೆಂದು ತೋರುತ್ತದೆ, ಮತ್ತು ಎರಡೂ ಹೊಂದಿಕೊಳ್ಳುತ್ತವೆ ಎಂದು ಪ್ರಕಾಶಕರೂ ಹೇಳುತ್ತಾರೆ. ಲೆಕ್ಕದ ಮಟ್ಟಿಗೆ ಹೊಂದಿಕೊಳ್ಳುತ್ತವೆ. ಆದರೆ ನನ್ನ ಅನುಭವದಲ್ಲಿ ಡಿಎಂಗೆ ಅತಿ ಹೆಚ್ಚು ದಣಿವು ತರುವುದು ಇದೇ, ಏಕೆಂದರೆ ಒಂದೇ ಹೆಸರಿನ ಮಂತ್ರಕ್ಕೆ ಮೇಜಿನ ಎಡಭಾಗದಲ್ಲಿ ಒಂದು ಅರ್ಥ, ಬಲಭಾಗದಲ್ಲಿ ಇನ್ನೊಂದು. ಹಳೆಯ ಯೋಧ ಪ್ರತಿ ಸರದಿಗೆ ‘ಹೊಡೆಯುತ್ತೇನೆ’ ಎಂದಷ್ಟೇ ಹೇಳುತ್ತಿರುವಾಗ ಪಕ್ಕದವನ ಯೋಧ ಶತ್ರುವನ್ನು ಕೆಡವುತ್ತಾ ಹೋದರೆ ಅಸಮಾಧಾನವೂ ಹುಟ್ಟುತ್ತದೆ. ಬೆರೆಸಲೇಬೇಕೆಂದರೆ ವರ್ಗಗಳನ್ನು ಬೇಕಾದಂತೆ ಬಿಡಿ, ಮಂತ್ರಗಳ ಮತ್ತು ಯುದ್ಧದ ನಿಯಮಗಳ ವಿಷಯದಲ್ಲಿ ಇಡೀ ಮೇಜಿಗೆ ಒಂದೇ ಪುಸ್ತಕವನ್ನು ಗೊತ್ತುಮಾಡಿ.

ನಿಮಗೆ ನಾನು ಸೂಚಿಸುವುದು ಬೇರೆ. ನಡೆಯುತ್ತಿರುವ ಕ್ಯಾಂಪೇನ್ ಅನ್ನು ಹಳೆಯ ನಿಯಮಗಳಲ್ಲೇ ಮುಗಿಸಿ. ಆದರೆ ಅದಕ್ಕೆ ಒಂದು ಕೊನೆಯನ್ನು ಈಗಲೇ ಗೊತ್ತುಪಡಿಸಿ, ಹತ್ತು ಭಾನುವಾರವೋ ಹದಿನೈದೋ. ಆ ನಡುವೆ ಮೂರು ಭಾನುವಾರಗಳನ್ನು ನಿಮ್ಮ ಇಬ್ಬರು ಉತ್ಸಾಹಿಗಳಿಗೆ ಬಿಟ್ಟುಕೊಡಿ. ಹೊಸ ನಿಯಮಗಳಲ್ಲಿ ಎಲ್ಲ ವರ್ಗಗಳಿಗೂ ಉಪವರ್ಗ ಸಿಗುವುದು ಪಾತ್ರ ಮೂರನೆಯ ಹಂತಕ್ಕೆ (ಲೆವೆಲ್) ಏರಿದಾಗ; ಆದ್ದರಿಂದ ಮೂರನೆಯ ಹಂತದ ಹೊಸ ಪಾತ್ರಗಳೊಂದಿಗೆ, ನಿಮ್ಮ ಕಥೆಗೆ ಸಂಬಂಧವಿಲ್ಲದ ಒಂದು ಸಣ್ಣ ಸಾಹಸವನ್ನು ಅವರೇ ಡಿಎಂ ಆಗಿ ನಡೆಸಲಿ. ಮೂಲಭೂತ ನಿಯಮಗಳು ಆನ್‌ಲೈನ್‌ನಲ್ಲಿ ಉಚಿತವಾಗಿ ಸಿಗುವುದರಿಂದ ಪುಸ್ತಕವೊಂದಕ್ಕೆ ಐವತ್ತು ಡಾಲರ್ ಮತ್ತು ಅದರ ಮೇಲಿನ ಸಾಗಣೆ ವೆಚ್ಚವನ್ನು ಈಗಲೇ ಯಾರೂ ಭರಿಸಬೇಕಿಲ್ಲ. ನೀವು ಆ ಮೂರು ವಾರ ಬರೀ ಆಟಗಾರರಾಗಿ ಕುಳಿತುಕೊಳ್ಳಿ, ನಿಯಮದ ಪ್ರಶ್ನೆ ಬಂದರೆ ಬಾಯಿ ಬಿಡಬೇಡಿ. ಇದಕ್ಕೂ ಅಪಾಯವಿದೆ: ಹೊಸ ಡಿಎಂಗಳು ಎಡವಬಹುದು, ಆಟ ಸಪ್ಪೆಯಾಗಬಹುದು, ಆ ದೋಷವನ್ನು ಹೊಸ ಆವೃತ್ತಿಯ ತಲೆಗೆ ಕಟ್ಟಬಹುದು. ಮೂರನೆಯ ವಾರದವರೆಗೆ ತೀರ್ಪು ಹೇಳಬಾರದೆಂದು ಮೊದಲೇ ಒಪ್ಪಿಕೊಂಡರೆ ಇದು ಬಹುಮಟ್ಟಿಗೆ ತಪ್ಪುತ್ತದೆ.

ಆ ಮೂರು ವಾರ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಕೊಡುತ್ತವೆ. ಆಟಗಾರರಾಗಿ ಕುಳಿತಾಗ ಮುಂದಿನ ಭಾನುವಾರಕ್ಕೆ ಕಾಯುವಂತಾದರೆ ನಿಮಗೆ ಸಾಕಾಗಿರುವುದು ಎಂಟೊಂಬತ್ತು ವರ್ಷ ಒಬ್ಬರೇ ಹೊತ್ತ ಹೊರೆ ಮಾತ್ರ. ಅದನ್ನು ಹಂಚಿಕೊಂಡರೆ ಯಾವ ಆವೃತ್ತಿಯಾದರೂ ನಡೆಯುತ್ತದೆ. ಆಗಲೂ ಮನಸ್ಸು ಅರಳದಿದ್ದರೆ ಒಂದಷ್ಟು ತಿಂಗಳು ಬೇರೆ ಆಟಕ್ಕೆ ಹೋಗಿ ಬನ್ನಿ. ಕಾಲ್ ಆಫ್ ಥುಲು ಎಂಬ ಭಯಾನಕ ರಸದ ಆಟವನ್ನು ನೋಡಿ: 1981ರಲ್ಲಿ ಹುಟ್ಟಿ ಏಳು ಆವೃತ್ತಿಗಳನ್ನು ಕಂಡರೂ ಅದರ ಹಳೆಯ ಕಥೆಗಳನ್ನು ಇಂದಿನ ನಿಯಮಗಳಲ್ಲಿ ಆಡಲು ಹೆಚ್ಚು ತಿಣುಕಬೇಕಿಲ್ಲ, ಪಾತ್ರದ ಮುಖ್ಯ ಅಂಕಗಳನ್ನು ಐದರಿಂದ ಗುಣಿಸಿಕೊಂಡರೆ ಬಹುಪಾಲು ಕೆಲಸ ಮುಗಿಯುತ್ತದೆ. ಆದರೆ ಅಲ್ಲಿ ಪಾತ್ರಗಳು ಹುಚ್ಚರಾಗುವುದು, ಸಾಯುವುದು ಮಾಮೂಲು. ಎಲ್ಲರಿಗೂ ಅದು ಒಗ್ಗುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿ ಕೂರಿಸಿ.

ಪುಸ್ತಕಗಳನ್ನು ಮಾರುವ ವಿಚಾರಕ್ಕೆ ಬಂದರೆ, ಕ್ಯಾಂಪೇನ್ ಮುಗಿಯುವವರೆಗೆ ಯಾವುದನ್ನೂ ಮಾರಬೇಡಿ. ಮುಗಿದ ಮೇಲೆ ಎಲ್ಲರೂ ಹೊಸದಕ್ಕೆ ಹೋದರೆ ಹಳೆಯ ಪ್ಲೇಯರ್ಸ್ ಹ್ಯಾಂಡ್‌ಬುಕ್ ಅನ್ನು ಹಾಫ್-ಎಲ್ಫ್ ಗೆಳತಿಗೆ ಕೊಟ್ಟುಬಿಡಿ, ಅವರ ಕುಲದ ಪುಟ ಇರುವುದು ಅದರಲ್ಲೇ. 2014ರ ಮಾನ್ಸ್ಟರ್ ಮ್ಯಾನ್ಯುಯಲ್ ಅನ್ನು ಮಾತ್ರ ಕಪಾಟಿನಲ್ಲೇ ಇಟ್ಟುಕೊಳ್ಳಿ: 2025ರ ಪುಸ್ತಕದಲ್ಲಿ ಐನೂರಕ್ಕೂ ಹೆಚ್ಚು ಜೀವಿಗಳಿದ್ದರೂ ಆರ್ಕ್‌ಗಳಿಗೆ ಪ್ರತ್ಯೇಕ ವಿವರಗಳಿಲ್ಲ, ನಿಮ್ಮ ಕಥೆಯಲ್ಲಿ ಅವು ಎಂದಾದರೂ ಬೆಟ್ಟ ಇಳಿದು ಬಂದಾವು.